ಮೂವತ್ತು ದಿನ ಮಾತಾಡದ ಯಂತ್ರ

ನಮ್ಮ ಆಸ್ಪತ್ರೆಯಲ್ಲಿ 'ತಾತ್ಕಾಲಿಕ' ಎಂಬ ಹೆಸರಿನ ಒಂದು ಗುಂಪಿತ್ತು. ಮನುಷ್ಯರ ಗುಂಪಲ್ಲ, ಸರ್ವರ್‌ಗಳ ಗುಂಪು. ಯಾರಾದರೂ ಬಂದು, ಇವತ್ತೊಂದು ದಿನ ನಮ್ಮ ಸರ್ವರ್‌ಗೆ ಎಲ್ಲ ಬಾಗಿಲೂ ತೆಗೆದುಬಿಡಿ, ನಾಳೆ ಮುಚ್ಚಿ ಎಂದು ಗೋಗರೆದರೆ ಅದನ್ನು ಈ ಗುಂಪಿನೊಳಗೆ ಹಾಕುವುದು ಪದ್ಧತಿ. ಆ ನಾಳೆ ಆರು ವರ್ಷಗಳಿಂದ ಬಂದೇ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಕೂತು ಎಣಿಸಿದೆ. ಒಟ್ಟು ಇನ್ನೂರ ಅರವತ್ತು ಸರ್ವರ್‌ಗಳು, ಅದರಲ್ಲಿ ಇನ್ನೂರ ಹದಿನಾಲ್ಕು ತಾತ್ಕಾಲಿಕ. ಉಳಿದ ನಲವತ್ತಾರು ಯಾಕೆ ಹೊರಗಿದ್ದವು ಎಂದರೆ, ಹೀಗೆ ಕೇಳಿದರೆ ಕೊಡುತ್ತಾರೆ ಎಂಬುದು ಅವುಗಳ ಒಡೆಯರಿಗೆ ಗೊತ್ತಿರಲಿಲ್ಲ, ಅಷ್ಟೇ.

ನಾನು ಪ್ರಫುಲ್ಲಾ. ಸಿಕಂದರಾಬಾದಿನ ಈ ಆಸ್ಪತ್ರೆಯ ನೆಟ್‌ವರ್ಕ್ ಕಾಯುವುದು ನನ್ನ ಕೆಲಸ. ಅಪ್ಪ ಯಾದಗಿರಿ ಕಡೆಯವರು, ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಾನು ಬೆಳೆದದ್ದೆಲ್ಲ ಇಲ್ಲೇ. ಆಫೀಸಿನಲ್ಲಿ ನಮ್ಮ ಕಡೆಯವರು ಸಿಕ್ಕರೆ ಕನ್ನಡ, ಇಲ್ಲದಿದ್ದರೆ ತೆಲುಗು, ಸಿಟ್ಟು ಬಂದರೆ ಹಿಂದಿ. ಈ ವರ್ಷ ನಾನು ಆಡಿದ್ದು ಹೆಚ್ಚಾಗಿ ಹಿಂದಿ.

ಬೇಸಿಗೆಯಲ್ಲಿ ಊರಿನ ಇನ್ನೊಂದು ಆಸ್ಪತ್ರೆಯೊಳಗೆ ಯಾರೋ ಕಳ್ಳರು ನೆಟ್‌ವರ್ಕ್ ಮೂಲಕ ನುಗ್ಗಿ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಿ, ಎಲ್ಲದಕ್ಕೂ ಬೀಗ ಜಡಿದರು. ನಾಲ್ಕು ದಿನ ಅಲ್ಲಿಯವರು ಚೀಟಿ ಬರೆದು ಆಸ್ಪತ್ರೆ ನಡೆಸಿದರಂತೆ. ಸುದ್ದಿ ಬಂದ ಮರುದಿನವೇ ನಮ್ಮ ಡೈರೆಕ್ಟರರಿಗೆ ಜ್ಞಾನೋದಯವಾಯಿತು. ನಲವತ್ತೈದು ದಿನಗಳಲ್ಲಿ ಎಲ್ಲ ಸರ್ವರ್‌ಗಳನ್ನೂ ಬೇರೆ ಬೇರೆ ಮಾಡಿ, ಒಂದಕ್ಕೆ ಕಳ್ಳ ಹೊಕ್ಕರೆ ಇನ್ನೊಂದಕ್ಕೆ ಹೋಗಬಾರದು ಎಂದು ಆಜ್ಞೆಯಾಯಿತು. ಇದನ್ನೇ ನಾನು ಎರಡು ವರ್ಷದಿಂದ ಕಾಗದದ ಮೇಲೆ ಕಾಗದ ಬರೆದು ಕೇಳುತ್ತಿದ್ದೆ. ಆಗ ಯಾರೂ ಓದಿರಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಈ ಇನ್ನೂರ ಅರವತ್ತು ಸರ್ವರ್‌ಗಳು ಕೈಗೆ ಸಿಗುವ ಪೆಟ್ಟಿಗೆಗಳಲ್ಲ. ನೆಲಮಾಳಿಗೆಯಲ್ಲಿ ಎಂಟು ದೊಡ್ಡ ಯಂತ್ರಗಳಿವೆ. ಅವುಗಳ ಹೊಟ್ಟೆಯಲ್ಲಿ ಇವೆಲ್ಲ ಸಾಫ್ಟ್‌ವೇರ್ ರೂಪದಲ್ಲೇ ಹುಟ್ಟುತ್ತವೆ, ಜಾಗ ಬದಲಾಯಿಸುತ್ತವೆ, ಸಾಯುತ್ತವೆ. ಇವತ್ತು ಒಂದು ವಿಳಾಸ, ನಾಳೆ ಇನ್ನೊಂದು. ವಿಳಾಸ ನೋಡಿ ಫೈರ್‌ವಾಲ್ ಎಂಬ ಕಾವಲಿನ ನಿಯಮ ಬರೆದರೆ, ಬಾಡಿಗೆದಾರ ಬೇರೆ ಬೀದಿಗೆ ಹೋದ ಮೇಲೂ ಹಳೇ ಮನೆಯ ಮುಂದೆ ಕಾವಲು ಕೂತಂತೆ. ಅದಕ್ಕೇ ಗುಂಪು. ಪ್ರತಿ ಸರ್ವರ್‌ಗೂ ಅದು ಮಾಡುವ ಕೆಲಸದ ಒಂದು ಚೀಟಿ ಅಂಟಿಸಿದರೆ, ಒಂದೇ ಚೀಟಿಯವು ತಾವಾಗಿಯೇ ಒಂದು ಗುಂಪಿಗೆ ಸೇರುತ್ತವೆ. ನಿಯಮ ಬರೆಯುವುದು ಗುಂಪಿಗೆ: ಲ್ಯಾಬಿನ ಗುಂಪು ವಾರ್ಡಿನ ಗುಂಪಿನ ಜೊತೆ ಈ ಒಂದು ಬಾಗಿಲಿನಿಂದ ಮಾತಾಡಬಹುದು, ಔಷಧಿಯ ಗುಂಪು ಇಂಥದ್ದರ ಜೊತೆ, ಹೀಗೆ. ಎಲ್ಲಕ್ಕಿಂತ ಕೆಳಗೆ ಒಂದು ಕೊನೆಯ ಸಾಲು: ಉಳಿದದ್ದೆಲ್ಲ ಬಂದ್. ಆ ಸಾಲಿನ ಮೇಲೆ ನನಗೆ ವಿಪರೀತ ಪ್ರೀತಿ.

ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂದು ಕೇಳಿದರೆ ಯಾವ ವಿಭಾಗಕ್ಕೂ ಗೊತ್ತಿಲ್ಲ. ಹಾಗಾಗಿ ಮೂವತ್ತು ದಿನ ಎಲ್ಲದರ ಮಾತನ್ನೂ ದಾಖಲು ಮಾಡಿದೆ. ಮಾತಾಡಿದ್ದಕ್ಕೆ ಪರವಾನಗಿ, ಮಾತಾಡದ್ದಕ್ಕೆ ಇಲ್ಲ. ಹೆಚ್ಚು ಬೇಕಿದ್ದವರು ಕಾರಣ ಬರೆದು ಅರ್ಜಿ ಹಾಕಬೇಕು. ಇದಕ್ಕಿಂತ ನ್ಯಾಯವಾದ ದಾರಿ ಇಲ್ಲವೆಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ.

ಒಂದು ತಪ್ಪು ಶುರುವಿನಲ್ಲೇ ಆಯಿತು. ಗುಂಪುಗಳಿಗೆ ನಾನು ಒಂದರಿಂದ ಒಂಬತ್ತರವರೆಗೆ ನಂಬರ್ ಕೊಟ್ಟೆ. ಈ ದೇಶದಲ್ಲಿ ಯಾವುದಕ್ಕೂ ನಂಬರ್ ಕೊಡಬಾರದು. ಪಟ್ಟಿ ಹೊರಗೆ ಬಿದ್ದ ಅರ್ಧ ಗಂಟೆಯಲ್ಲಿ ಎಕ್ಸ್‌ರೇ ವಿಭಾಗದ ಮುಖ್ಯಸ್ಥರು, ಡಾಕ್ಟರ್ ಉಪೇಂದ್ರ, ಕಲಬುರಗಿಯವರು, ನನ್ನ ಮೇಜಿನ ಮುಂದೆ ನಿಂತಿದ್ದರು.

"ಏನ್ರೀ ಮೇಡಂ ಇದು? ನಾವು ನಾಲ್ಕನೇ ಗುಂಪು, ಔಷಧಿ ಅಂಗಡಿಯವರು ಎರಡನೇದು? ಅವ್ರು ಗುಳಿಗಿ ಕೊಡೋರು, ನಾವು ಎಂಆರ್‌ಐ ತೆಗಿಯೋರು. ನಮ್ಮ ಇಜ್ಜತ್ ಅನ್ನೋದು ಐತೋ ಇಲ್ಲೋ?"

"ಸರ್, ಇದು ಬಸ್ಸಿನ ನಂಬರ್ ಇದ್ದಂಗ್ರಿ. ದೊಡ್ಡದು ಸಣ್ಣದು ಅಂತ ಇಲ್ಲ."

"ಹಂಗಿದ್ರ ನಮಗ ಒಂದನೇದು ಕೊಡ್ರಲಾ. ನಿಮಗೇನು ತ್ರಾಸು?"

ಒಂದನೇದು ಎಂದರೆ ವೈರಸ್ ಹೊಕ್ಕ ಸರ್ವರ್‌ಗಳನ್ನು ಯಾರ ಜೊತೆಯೂ ಮಾತಾಡದಂತೆ ಕೂಡಿ ಹಾಕುವ ಗುಂಪು. ಕೊಟ್ಟುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ತಡೆದುಕೊಂಡೆ. ಅವರು ಹೋಗುವಾಗ ಇನ್ನೊಂದು ಬೇಡಿಕೆ ಇಟ್ಟು ಹೋದರು: ಸಮ್ಮೇಳನಗಳಲ್ಲಿ ಚಿತ್ರ ತೋರಿಸಲು ಅವರ ಬಳಿ ಒಂದು ಸರ್ವರ್ ಇದೆಯಂತೆ, ಅದಕ್ಕೆ ಡಿಸೆಂಬರ್ ತನಕ ಎಲ್ಲ ಬಾಗಿಲೂ ತೆರೆದಿರಬೇಕಂತೆ. ಆಗದು ಎಂದೆ. ಸಂಜೆಯೊಳಗೆ ಡೈರೆಕ್ಟರರ ಫೋನು ನಮ್ಮ ಮ್ಯಾನೇಜರ್ ಶ್ರೀಹರ್ಷರಿಗೆ ಬಂತು.

ಶ್ರೀಹರ್ಷ ಮೈಸೂರಿನವರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಬೇಡ ಎಂದು ಯಾರಿಗಾದರೂ ಹೇಳಿದ್ದನ್ನೂ ಕೇಳಿಲ್ಲ.

"ಕೊಟ್ಬಿಡಿ ಪ್ರಫುಲ್ಲಾ ಅವ್ರೇ, ಒಂದು ತಾನೆ," ಎಂದರು. "ಅವ್ರ ಜೊತೆ ನಾವ್ಯಾಕೆ ಮನಸ್ತಾಪ ಮಾಡ್ಕೋಬೇಕು ಹೇಳಿ?"

ಹಲ್ಲು ಕಚ್ಚಿಕೊಂಡು ಕೊಟ್ಟೆ. ಆ ಸುದ್ದಿ ಕಾರಿಡಾರಿನಲ್ಲಿ ಓಡಿತು. ಮರುದಿನದಿಂದ ಸಾಲು. ಕ್ಯಾಂಟೀನಿನ ಟೋಕನ್ ಬೋರ್ಡಿಗೆ ಇಡೀ ಇಂಟರ್ನೆಟ್ ಬೇಕು. ಪಾರ್ಕಿಂಗಿನವರಿಗೆ ರೋಗಿಗಳ ಹೆಸರು ಬೇಕು. ಯಾಕೆ ಎಂದರೆ, ಇದುವರೆಗೂ ಇತ್ತಲ್ಲ ಎನ್ನುತ್ತಾರೆ. ಒಬ್ಬರಂತೂ ಏನು ಬೇಕೆಂದು ಕೇಳಿದ್ದಕ್ಕೆ, ಡಾಕ್ಟರ್ ಉಪೇಂದ್ರರಿಗೆ ಏನು ಕೊಟ್ಟಿರೋ ಅದೇ ಎಂದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಕೊನೆಕೊನೆಗೆ ಅರ್ಜಿ ತೆರೆಯುತ್ತಲೇ ನನ್ನ ಕೈ 'ತಿರಸ್ಕೃತ' ಎಂಬ ಗುಂಡಿಯ ಕಡೆಗೆ ಹೋಗುತ್ತಿತ್ತು. ಮೂವತ್ತು ದಿನದ ದಾಖಲೆ ನೋಡುವುದು, ಮಾತಾಡಿದ್ದು ಕಾಣದಿದ್ದರೆ ಒತ್ತುವುದು. ಯೋಚನೆ ಮಾಡುವುದೇ ಬೇಕಿರಲಿಲ್ಲ, ಅದೇ ಒಂದು ನೆಮ್ಮದಿ.

ಇಂಥದೇ ಒಂದು ಗುರುವಾರ ನಾಲ್ಕು ಗಂಟೆಗೆ ಗದಿಗೆಮ್ಮ ಬಂದರು. ಅಂದು ಅವರು ಹನ್ನೆರಡನೆಯವರು.

ಗದಿಗೆಮ್ಮ ಮೂರನೇ ಮಹಡಿಯ ಹಾಲಿನ ಬ್ಯಾಂಕಿನ ನರ್ಸ್. ರಾಯಚೂರು ಕಡೆಯವರು, ಐವತ್ತು ದಾಟಿದವರು. ಹಾಲಿನ ಬ್ಯಾಂಕು ಎಂದರೆ ನವಜಾತ ಶಿಶುಗಳ ವಾರ್ಡಿನ ಪಕ್ಕದ ಒಂದು ಸಣ್ಣ ಕೋಣೆ, ಅದರಲ್ಲೊಂದು ದೊಡ್ಡ ಫ್ರೀಜರ್. ಹೆಚ್ಚು ಹಾಲಿರುವ ತಾಯಂದಿರು ಕೊಟ್ಟ ಎದೆಹಾಲನ್ನು ಅದರಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿ, ತಾಯಿಯ ಹಾಲು ಸಿಗದ ಕೂಸುಗಳಿಗೆ ಅದೇ ಗತಿ. ಆ ವಾರ ಅಂಥದೊಂದು ಕೂಸಿತ್ತು. ತೂಕ ಒಂಬೈನೂರ ಇಪ್ಪತ್ತು ಗ್ರಾಂ. ಹೆಸರಿಟ್ಟಿರಲಿಲ್ಲ; ತಾಯಿ ಶ್ರೀವಿದ್ಯಾ ಪ್ರಜ್ಞೆಯಿಲ್ಲದೆ ಐಸಿಯುನಲ್ಲಿ ಇದ್ದುದರಿಂದ ಎಲ್ಲರೂ ಶ್ರೀವಿದ್ಯಾನ ಕೂಸು ಎನ್ನುತ್ತಿದ್ದರು. ಎರಡು ಗಂಟೆಗೊಮ್ಮೆ ಮೂಗಿನ ನಳಿಕೆಯಲ್ಲಿ ಮೂರು ಚಮಚ ಹಾಲು. ಪುಡಿಯ ಹಾಲು ಕೊಟ್ಟರೆ ಅಂಥ ಕೂಸುಗಳ ಕರುಳು ತಡೆಯುವುದಿಲ್ಲವಂತೆ. ಇದನ್ನೆಲ್ಲ ಗದಿಗೆಮ್ಮ ನಿಂತುಕೊಂಡೇ ಹೇಳಿದರು. ನಾನು ಕೂತುಕೊಳ್ಳಿ ಎಂದಿರಲಿಲ್ಲ.

"ನಮ್ಮ ಫ್ರೀಜರ್‌ದು ಒಂದು ಅರ್ಜಿ ಹಾಕಿದ್ನಿರಿ ಮೇಡಂ. ಕೆಂಪಗ ವಾಪಸ್ ಬಂದೈತಿ. ಏನರ ತಪ್ಪು ಬರದೀನೇನ್ರಿ?"

ತೆಗೆದು ನೋಡಿದೆ. ಫ್ರೀಜರಿನ ಉಷ್ಣತೆ ನೋಡುವ ಸರ್ವರ್‌ನಿಂದ ಮೆಸೇಜ್ ಕಳಿಸುವ ಸರ್ವರ್‌ಗೆ ದಾರಿ ಬೇಕು ಎಂದಿತ್ತು. ಬೆಳಿಗ್ಗೆಯೇ ತಿರಸ್ಕರಿಸಿದ್ದೆ.

"ತಪ್ಪೇನಿಲ್ಲ ಗದಿಗೆಮ್ಮಕ್ಕ. ನಾ ಮೂವತ್ತು ದಿನ ನೋಡೀನಿ. ಫ್ರೀಜರಿನ ತಂತಿ ಐದು ನಿಮಿಷಕ್ಕೊಮ್ಮೆ ಎಷ್ಟು ತಣ್ಣಗೈತಿ ಅಂತ ಸರ್ವರ್‌ಗೆ ಹೇಳಾಕತ್ತೈತಿ. ಅದಕ್ಕ ಪರವಾನಗಿ ಕೊಟ್ಟೀನಿ. ಆದ್ರ ಆ ಸರ್ವರ್ ಮುಂದ ಯಾರಿಗೂ ಏನೂ ಹೇಳಿಲ್ಲ. ಮೂವತ್ತು ದಿನದಾಗ ಒಂದ್ ಮಾತಿಲ್ಲ."

"ಹೇಳೂದಿಲ್ರಿ ಅದು. ತಣ್ಣಗಿದ್ರ ಏನ್ ಹೇಳಬೇಕು? ಬೆಚ್ಚಗಾತಂದ್ರ ನನ್ನ ಫೋನಿಗೆ ಮೆಸೇಜ್ ಹಾಕತೈತಿ. ಹೋದ ವರ್ಷ ಎರಡು ಸಲ ಹಾಕಿತ್ರಿ. ಓಡಿ ಬಂದು ಹಾಲು ಉಳಿಸಿದ್ನಿ."

"ಹೋದ ವರ್ಷದ್ದು ನನ್ನ ಹತ್ರ ಇಲ್ಲಲಾ. ಕಾಗದ ಏನರ ಐತೇನು? ಯಾರು ಕೂಡ್ರಿಸಿದ್ದು, ಹೆಂಗ ಕೂಡ್ರಿಸಿದ್ದು?"

"ಕೂಡ್ರಿಸಿದ ಕಂಪನೀನ ಬಾಗಲಾ ಹಾಕೈತ್ರಿ. ಕಾಗದ ಎಲ್ಲಿಂದ ತರ್ಲಿ?" ಅವರೇ ಮುಂದುವರಿಸಿದರು, "ಐದು ನಿಮಿಷ ಬರ್ರಿ ಮೇಡಂ. ಆ ತಂತೀನ ಹೊರಗ ತಗದು ಒಂದ್ ಲೋಟ ಬಿಸಿನೀರಾಗ ಅದ್ದತೀನಿ. ನಿಮ್ಮ ಕಣ್ಣೆದುರಿಗೇ ಮೆಸೇಜ್ ಬರತೈತಿ. ಆಮ್ಯಾಲ ನೀವು ಹೆಂಗಂದ್ರ ಹಂಗ."

ಈಗ ಯೋಚಿಸಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆ ನಲವತ್ತು ದಿನಗಳಲ್ಲಿ ನನ್ನ ಮೇಜಿನ ಮುಂದೆ ಬಂದವರು ನೂರು ಮಂದಿಯಾದರೂ ಇದ್ದಾರು. ಶಿಫಾರಸು ತಂದವರು, ಬೆದರಿಸಿದವರು, ಮೈಸೂರ್ ಪಾಕ್ ತಂದವರು. ಪರೀಕ್ಷೆ ಮಾಡಿ ನೋಡಿ ಎಂದವರು ಇವರೊಬ್ಬರೇ. ನಾನು ಬಯಸುತ್ತಿದ್ದುದು ಅಂಥ ಒಬ್ಬರನ್ನೇ. ಬಂದಾಗ ನನಗೆ ಕಂಡದ್ದು ಹನ್ನೆರಡನೆಯ ಅರ್ಜಿ ಮಾತ್ರ.

"ಇವತ್ತ ಆಗೂದಿಲ್ಲ. ನಾಳೆ ಬರ್ತೀನಿ," ಎಂದೆ.

"ನಾಳೆ ಬರ್ರಿ ಮತ್ತ," ಎಂದು ಅವರು ಹೋದರು. ಜಗಳವಾಡಲಿಲ್ಲ, ಯಾರಿಂದಲೂ ಫೋನ್ ಮಾಡಿಸಲಿಲ್ಲ. ಅವರಿಗೆ ಫೋನ್ ಮಾಡಿಸಲು ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಶುಕ್ರವಾರ ಹದಿನಾಲ್ಕು ಮಂದಿ ಬಂದರು. ನಾನು ಮೂರನೇ ಮಹಡಿಗೆ ಹೋಗಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಊಟಕ್ಕೆ ಹೋಗುವಾಗ ಲಿಫ್ಟಿನಲ್ಲಿ ಮೂರರ ಗುಂಡಿ ಕಂಡಿತು, ನೆನಪೂ ಆಯಿತು. ಹಸಿವಾಗಿತ್ತು, ಸಿಟ್ಟೂ ಇತ್ತು. ಸೋಮವಾರ ನೋಡಿಕೊಂಡರಾಯಿತು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ 'ತಾತ್ಕಾಲಿಕ' ಗುಂಪನ್ನು ಅಳಿಸಿದೆ. ಕೊನೆಯ ಸಾಲನ್ನು ಚಾಲೂ ಮಾಡಿದೆ. ಯಾವುದೂ ಕುಸಿದು ಬೀಳಲಿಲ್ಲ. ಲ್ಯಾಬಿನ ವರದಿಗಳು ವಾರ್ಡಿಗೆ ಹೋಗುತ್ತಿದ್ದವು, ಔಷಧಿಯ ಚೀಟಿಗಳು ಕೆಳಗೆ ಬರುತ್ತಿದ್ದವು. ಬಂದ್ ಆದ ಮಾತುಗಳ ಬಗ್ಗೆ ನನ್ನ ಫೋನಿಗೆ ನಿಮಿಷಕ್ಕೆ ಮೂವತ್ತು ಎಚ್ಚರಿಕೆ ಬರತೊಡಗಿತು. ತೆರೆದು ನೋಡಿದರೆ ಬಹುಪಾಲು ಕ್ಯಾಂಟೀನಿನ ಬೋರ್ಡು, ಇಂಟರ್ನೆಟ್ಟಿಗಾಗಿ ಬಾಗಿಲು ಬಡಿಯುತ್ತಿತ್ತು. ಬಡಿದುಕೊಳ್ಳಲಿ ಎಂದು ಎಚ್ಚರಿಕೆಯನ್ನೇ ಆರಿಸಿಬಿಟ್ಟೆ. ಶ್ರೀಹರ್ಷ ಎಲ್ಲರಿಗೂ ಸಮೋಸ ತರಿಸಿದರು.

ಮರುದಿನ ಸಿಕಂದರಾಬಾದಿನಲ್ಲಿ ಬೋನಾಲು, ಅಮ್ಮನವರ ಹಬ್ಬ. ಆಸ್ಪತ್ರೆಯ ಸುತ್ತ ರಸ್ತೆಗಳೆಲ್ಲ ಬಂದ್, ತುರ್ತು ವಿಭಾಗ ಮತ್ತು ವಾರ್ಡುಗಳನ್ನು ಬಿಟ್ಟು ಉಳಿದವರಿಗೆಲ್ಲ ರಜೆ. ನಾನು ಹೈದರಾಬಾದಿನ ಅಬಿಡ್ಸ್‌ಗೆ ಹೋಗಿ, ಭಾನುವಾರ ಮುಚ್ಚಿರುವ ಅಂಗಡಿಗಳ ಮುಂದೆ ಫುಟ್‌ಪಾತಿನಲ್ಲಿ ಹರಡುವ ಹಳೇ ಪುಸ್ತಕಗಳ ನಡುವೆ ಮೂರು ಗಂಟೆ ಕಳೆದೆ. ಫೋನು ಒಮ್ಮೆಯೂ ಸದ್ದು ಮಾಡಲಿಲ್ಲ. ಎಂಥ ಸುಖ ಅದು! ಇಷ್ಟು ದೊಡ್ಡ ಕೆಲಸ ಮಾಡಿ ಮುಗಿಸಿದ್ದೇನೆ, ಒಂದು ದೂರಿಲ್ಲ ಎಂದು ಜಂಬದಿಂದ ನಾಲ್ಕು ಪುಸ್ತಕ ಹೆಚ್ಚಿಗೆ ಕೊಂಡೆ.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಎರಡು ಸಲ ಕರೆಂಟು ಹೋಗಿ ಬಂದಿತ್ತು. ಎರಡನೇ ಸಲ ಬಂದಾಗ ಹಾಲಿನ ಫ್ರೀಜರಿನ ಕಂಪ್ರೆಸರ್ ಮತ್ತೆ ಶುರುವಾಗಲಿಲ್ಲ. ರಜೆಯ ದಿನದ ಹಾಲನ್ನು ಮೊದಲೇ ತೆಗೆದು ವಾರ್ಡಿನ ಸಣ್ಣ ಫ್ರಿಜ್ಜಿನಲ್ಲಿ ಇಟ್ಟಿದ್ದರು, ಹಾಗಾಗಿ ಬ್ಯಾಂಕಿನ ಕೋಣೆಗೆ ಬೀಗ. ಫ್ರೀಜರಿಗೆ ತನ್ನದೇ ಒಂದು ಎಚ್ಚರಿಕೆಯ ಗಂಟೆಯಿದೆ. ಮುಚ್ಚಿದ ಬಾಗಿಲಾಚೆ ಅದು ಯಾರಿಗೂ ಕೇಳುವಂಥದಲ್ಲ. ಗದಿಗೆಮ್ಮ ಮಗಳ ಜೊತೆ ಬೋನಾಲಿನ ಜನಜಂಗುಳಿಯಲ್ಲಿ ಇದ್ದರು. ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರಂತೆ, ಸದ್ದು ಕೇಳಿಸದೆ ಹೋದೀತು ಎಂದು.

ಸೋಮವಾರ ನಾನು ಒಂಬತ್ತಕ್ಕೆ ಬಂದಾಗ ನನ್ನ ಮೇಜಿನ ಮೇಲೆ ಒಂದು ಚೀಟಿಯಿತ್ತು: ಮೇಲೆ ಬರ್ರಿ, ಗದಿಗೆಮ್ಮ. ಮೆಟ್ಟಿಲು ಹತ್ತಿ ಓಡಿದೆ.

ಫ್ರೀಜರಿನ ಬಾಗಿಲು ತೆರೆದಿತ್ತು. ಮುಂಭಾಗದ ಅಂಕಿ ಒಂಬತ್ತು ಡಿಗ್ರಿ ತೋರಿಸುತ್ತಿತ್ತು. ಮೈನಸ್ ಇಪ್ಪತ್ತು ಇರಬೇಕಾದದ್ದು. ಗದಿಗೆಮ್ಮ ಒಂದು ಬಾಟಲಿಯನ್ನು ಎತ್ತಿ ನನ್ನ ಕಿವಿಯ ಹತ್ತಿರ ತಂದು ಅಲುಗಾಡಿಸಿದರು. ಒಳಗೆ ಹಾಲು ನೀರಿನಂತೆ ಕುಲುಕಿತು.

"ಎಂಟೂ ಹತ್ತಕ್ಕ ಬಾಗಲಾ ತಗದೀನ್ರಿ," ಎಂದರು. "ಮೆಸೇಜ್ ಬರಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ನಾನೂ ಎದುರು ಮಾತಾಡಬಹುದಿತ್ತು, ನನಗೆ ಅದು ಬರುತ್ತದೆ. ಅವರು ಬೈಯಲಿಲ್ಲ.

ಕೆಳಗೆ ಬಂದು ದಾಖಲೆ ತೆರೆದೆ. ಭಾನುವಾರ ಮಧ್ಯಾಹ್ನ ಒಂದೂ ಹತ್ತಕ್ಕೆ ಆ ಸರ್ವರ್ ಮೆಸೇಜ್ ಕಳಿಸಲು ಹೊರಟಿದೆ. ಬಂದ್. ಐದು ನಿಮಿಷ ಬಿಟ್ಟು ಮತ್ತೆ. ಬಂದ್. ರಾತ್ರಿಯಿಡೀ ಬಿಡದೆ, ಬೆಳಿಗ್ಗೆ ಎಂಟೂ ಹತ್ತರ ತನಕ ಇನ್ನೂರ ಇಪ್ಪತ್ತೆಂಟು ಸಲ ಬಾಗಿಲು ಬಡಿದಿದೆ. ಪ್ರತಿ ಸಲವೂ ಅದನ್ನು ತಡೆದದ್ದು ನನ್ನ ಪ್ರೀತಿಯ ಕೊನೆಯ ಸಾಲು. ಪಕ್ಕದ ಪುಟದಲ್ಲಿ ಡಾಕ್ಟರ್ ಉಪೇಂದ್ರರ ಸಮ್ಮೇಳನದ ಸರ್ವರ್, ಎಲ್ಲ ಬಾಗಿಲೂ ತೆರೆದುಕೊಂಡು, ಒಂದು ಮಾತೂ ಆಡದೆ ಹಾಯಾಗಿ ಕೂತಿತ್ತು.

ದಾರಿ ಕೊಡುವ ನಿಯಮ ಬರೆದೆ. ನಲವತ್ತು ಸೆಕೆಂಡು ಹಿಡಿಯಿತು.

ಶ್ರೀಹರ್ಷ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಆಗಲೇ ಅರ್ಧ ವರದಿ ಬರೆದಿದ್ದರು.

"ಆ ಡಿವೈಸ್‌ಗೆ ಸರಿಯಾದ ದಾಖಲೆ ಇರ್ಲಿಲ್ಲ ಅಂತ ಹಾಕಿದ್ದೀನಿ. ಮೂವತ್ತು ದಿನದಲ್ಲಿ ಆ ದಾರೀಲಿ ಟ್ರಾಫಿಕ್ ಇರ್ಲಿಲ್ಲ, ಅರ್ಜಿ ನಿಯಮದ ಪ್ರಕಾರನೇ ತಿರಸ್ಕಾರ ಆಗಿದೆ. ನಿಮ್ಮ ತಪ್ಪು ಏನೂ ಇಲ್ಲ ಪ್ರಫುಲ್ಲಾ ಅವ್ರೇ, ನೀವು ತಲೆ ಕೆಡಿಸ್ಕೋಬೇಡಿ."

"ಅವರು ಬಂದು ಹೇಳಿದ್ರು ಸರ್. ಬಿಸಿನೀರಿನಲ್ಲಿ ಅದ್ದಿ ತೋರಿಸ್ತೀನಿ ಅಂದ್ರು."

"ಅದು ಬಾಯಿಮಾತು ಅಲ್ವಾ? ಅದನ್ನ ಹಾಕೋದು ಬೇಡ."

ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ನನ್ನ ಹೊಟ್ಟೆ ಉರಿಸಿತು. ನಲವತ್ತು ದಿನ ಎಲ್ಲರ ಮೇಲೂ ಹರಿಹಾಯ್ದವಳಿಗೆ, ಅಂದು ಸಿಟ್ಟು ಮಾಡಲು ನನ್ನನ್ನು ಬಿಟ್ಟು ಇನ್ನೊಬ್ಬರು ಉಳಿದಿರಲಿಲ್ಲ. ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು, ನರ್ಸ್ ಗುರುವಾರ ಖುದ್ದಾಗಿ ಬಂದು ಎಚ್ಚರಿಸಿದ್ದರು, ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದಿದ್ದರು, ನಾನು ಹೋಗಲಿಲ್ಲ ಎಂದು ಬರೆದು ಹೆಸರು ಹಾಕಿದೆ. ಶ್ರೀಹರ್ಷ ನಿಟ್ಟುಸಿರು ಬಿಟ್ಟರು. ಅಳಿಸಲಿಲ್ಲ ಎನ್ನುವುದು ಅವರ ದೊಡ್ಡತನ.

ಮತ್ತೆ ಮೇಲೆ ಹೋದೆ. ಗದಿಗೆಮ್ಮ ಬಾಟಲಿಗಳನ್ನು ಸಿಂಕಿನ ಪಕ್ಕ ಸಾಲಾಗಿ ಜೋಡಿಸಿದ್ದರು. ಒಟ್ಟು ಅರವತ್ತಮೂರು. ಒಮ್ಮೆ ಕರಗಿ ಬೆಚ್ಚಗಾದ ಹಾಲನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಯಾವ ಕೂಸಿಗೂ ಕೊಡುವಂತಿಲ್ಲ. ಚೆಲ್ಲುವಾಗ ಇಬ್ಬರಿರಬೇಕು, ಒಬ್ಬರು ಬಾಟಲಿಯ ಮೇಲಿನ ಹೆಸರು ಓದಬೇಕು, ಇನ್ನೊಬ್ಬರು ಸುರಿಯಬೇಕು.

"ನೀವು ಓದ್ರಿ," ಎಂದರು ಗದಿಗೆಮ್ಮ. "ನಾ ಸುರೀತೀನಿ."

ಓದಿದೆ. ಪೂರ್ವಿ, ಎರಡು. ವತ್ಸಲಾ, ಐದು. ಫಾತಿಮಾ, ನಾಲ್ಕು. ಹೆಸರು, ತಾರೀಖು, ಹೆಸರು, ತಾರೀಖು. ಎದೆಹಾಲು ಇಷ್ಟು ತೆಳ್ಳಗೆ, ಸ್ವಲ್ಪ ನೀಲಿ ಛಾಯೆಯಲ್ಲಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಕ್ಕಳಿಲ್ಲದ ನನಗೆ ಯಾರು ಹೇಳಬೇಕು? ಮಾನಸಾ ಎಂಬ ಹೆಸರು ಮುಗಿಯುತ್ತಲೇ ಇರಲಿಲ್ಲ. ಹದಿನೇಳು ಬಾಟಲಿ.

"ಸನತ್‌ನಗರದಾಕಿ," ಎಂದರು ಗದಿಗೆಮ್ಮ, ಕೈ ನಿಲ್ಲಿಸದೆ. "ಹುಟ್ಟಿದ್ದು ನಮ್ಮ ಸೇಡಂ ಕಡೆ. ಗಂಡ ಬೋಲ್ಟಿನ ಕಾರ್ಖಾನಿಯಾಗ ಅದಾನ. ಇಕೀ ಕೂಸು ಒಂಬತ್ತು ದಿನ ಇತ್ತು, ಉಳೀಲಿಲ್ಲ. ಎದಿ ತುಂಬಿ ನೋವಾಗಾಕತ್ತಿತ್ತು ಪಾಪ. ಬಂದು, ಅಕ್ಕಾರ ಇದನ್ನ ತಗೋರಿ, ಯಾವುದರ ಕೂಸಿಗೆ ಹಾಕ್ರಿ ಅಂದ್ಲು. ಹನ್ನೊಂದು ದಿನ ಬಸ್ಸಿನಾಗ ಬಂದು ಕೊಟ್ಟು ಹೋಗ್ಯಾಳ."

ನಾನು ಹದಿನೇಳನೇ ಬಾಟಲಿಯ ಹೆಸರು ಓದಿದೆ. ಅವರು ಸುರಿದರು, ನಲ್ಲಿ ತಿರುಗಿಸಿ ಸಿಂಕು ತೊಳೆದರು. ನನಗೆ ಅಳು ಬಂತು. ಅಲ್ಲಿ ನಾನು ಅಳುವುದು ನಾಚಿಕೆಗೇಡು ಎಂದು ನುಂಗಿಕೊಂಡೆ.

"ಶ್ರೀವಿದ್ಯಾನ ಕೂಸಿಗೆ?" ಎಂದೆ.

"ವಾರ್ಡಿನ ಫ್ರಿಜ್ಜಿನಾಗ ಎರಡು ಬಾಟ್ಲಿ ಉಳದಾವ. ಇವತ್ತ ಸಂಜೀತನ ನಡೀತೈತಿ. ಆಮ್ಯಾಲ ಇಲ್ಲ. ಈಗ ಹೆರಿಗಿ ವಾರ್ಡಿಗೆ ಹೋಗಿ, ಪರೀಕ್ಷಾ ಮುಗದವರ ಹಾಸಿಗಿ ಹಾಸಿಗಿಗೂ ಕೇಳಬೇಕು." ಅವರು ಕೈ ಒರೆಸಿಕೊಂಡು ತಮ್ಮ ಫೋನ್ ತೆಗೆದರು. "ಅದಕ್ಕಿಂತ ಮೊದಲ ಇನ್ನೊಂದು ಕೆಲಸ ಐತಿ."

ಗದಿಗೆಮ್ಮನಿಗೆ ಒಂದು ರೂಢಿಯಿದೆಯಂತೆ. ಆಸ್ಪತ್ರೆಯ ಯಾವ ನಿಯಮದಲ್ಲೂ ಇಲ್ಲದ್ದು. ಯಾವ ತಾಯಿಯ ಹಾಲನ್ನು ಮೊದಲ ಸಲ ಕೂಸಿಗೆ ಕೊಟ್ಟರೋ ಆ ದಿನ ಅವಳಿಗೆ ಫೋನ್ ಮಾಡುತ್ತಾರೆ. ಯಾವ ಕೂಸು, ಯಾರ ಕೂಸು ಎಂದು ಹೇಳುವುದಿಲ್ಲ. ಇವತ್ತ ನಿನ್ನ ಹಾಲು ಕೂಸು ಕುಡೀತವ್ವಾ ಎನ್ನುತ್ತಾರೆ, ಇಟ್ಟುಬಿಡುತ್ತಾರೆ.

"ಕುಡದಾಗ ಹೇಳ್ತೀನಿ ಅಂದಮ್ಯಾಲ ಚೆಲ್ಲಿದಾಗೂ ಹೇಳಬೇಕಲ್ರಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. "ಹದಿನಾಕು ಮಂದಿ ಅದಾರ. ನೀವು ಮಾಡ್ರಿ. ನಾ ಅಷ್ಟರಾಗ ಬಾಟ್ಲಿ ಕುದಿಸಿ ಇಡತೀನಿ."

ಶಿಕ್ಷೆ ಕೊಡುವ ದನಿಯಲ್ಲಿ ಹೇಳಲಿಲ್ಲ. ಕೆಲಸ ಹಂಚುವ ದನಿಯಲ್ಲೇ ಹೇಳಿದರು.

ಕೋಣೆಯ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ. ಒಬ್ಬಳು ಸರಿ ಬಿಡಿ ಎಂದಳು. ಒಬ್ಬಳ ಅತ್ತೆ ಫೋನ್ ಕಸಿದುಕೊಂಡು, ನಿದ್ದೆಗೆಟ್ಟು ತೆಗೆದುಕೊಟ್ಟದ್ದನ್ನು ಮೋರಿಗೆ ಸುರಿದಿರಾ, ನಿಮಗೆ ಕಣ್ಣಿಲ್ಲವೇ ಎಂದು ಚೆನ್ನಾಗಿ ಉಗಿದಳು. ಆ ಬೈಗುಳ ನನಗೆ ಒಳ್ಳೆಯದೇ ಮಾಡಿತು. ಇಬ್ಬರು ಇವತ್ತೇ ಮತ್ತೆ ಕೊಡಲು ಬರುತ್ತೇವೆ ಎಂದರು. ಹದಿಮೂರು ಮುಗಿಯಿತು. ಮಾನಸಾಳದನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ.

"ಇಕೀಗೆ ಒಮ್ಮೆ ಸುದ್ದಾ ಫೋನ್ ಮಾಡಿಲ್ರಿ ನಾನು," ಎಂದರು ಗದಿಗೆಮ್ಮ, ಒಲೆಯ ಕಡೆ ತಿರುಗಿಕೊಂಡೇ. "ಹಾಲಿನ ಪರೀಕ್ಷಾದ್ದು ಶನಿವಾರ ಬಂತು, ಚಲೋ ಐತಿ ಅಂತ. ಇವತ್ತ ಶ್ರೀವಿದ್ಯಾನ ಕೂಸಿಗೆ ಶುರು ಮಾಡಾಕಿದ್ನಿ."

ನಂಬರ್ ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು. ಹಿಂದೆ ಎಲ್ಲೋ ಕಾರ್ಖಾನೆಯ ಲೇತ್ ಯಂತ್ರ ಓಡುವ ಸದ್ದು ಕೇಳುತ್ತಿತ್ತು.

"ಅಕ್ಕಾರ! ಕುಡೀತೇನ್ರಿ?"

ಇಟ್ಟುಬಿಡಲೇ ಎನಿಸಿತು. ಹೂಂ ಎಂದು ಸುಳ್ಳು ಹೇಳಿಬಿಡಲೇ ಎಂದೂ ಅನಿಸಿತು. ಗದಿಗೆಮ್ಮ ನನ್ನನ್ನೇ ನೋಡುತ್ತಿದ್ದರು.

"ಇಲ್ಲವ್ವಾ. ನಾನು ಗದಿಗೆಮ್ಮ ಅಲ್ಲ, ಪ್ರಫುಲ್ಲಾ ಅಂತ. ಇಲ್ಲೇ ಕಂಪ್ಯೂಟರ್ ಕೆಲಸ ಮಾಡ್ತೀನಿ. ಫ್ರೀಜರ್ ಬಂದ್ ಬಿದ್ದು ನೀ ಕೊಟ್ಟ ಹಾಲು ಕೆಟ್ಟು ಹೋತು. ಬಂದ್ ಬಿದ್ದಿದ್ದು ಗೊತ್ತಾಗಲಾರದಂಗ ಮಾಡಿದಾಕಿ ನಾನು. ಗದಿಗೆಮ್ಮಕ್ಕ ಮೊದಲ ಹೇಳಿದ್ರು, ನಾ ಕೇಳಲಿಲ್ಲ. ಕೂಸಿಗೆ ಹಾಕೂದರಾಗ ಎಲ್ಲಾ ಚೆಲ್ಲಬೇಕಾತು."

"ಎಲ್ಲಾನೂ ಏನ್ರಿ?"

"ಎಲ್ಲಾನೂ."

"ಈಗ ಹಾಲು ಬರೂದಿಲ್ರಿ ನಂಗ," ಎಂದಳು. "ಶುಕ್ರವಾರನ ನಿಂತು ಹೋತು. ಇಲ್ಲಂದ್ರ ಬಂದು ಕೊಡತಿದ್ನಿ."

"ತಪ್ಪಾತವ್ವಾ," ಎಂದೆ. ಇಷ್ಟು ಸಣ್ಣ ಮಾತು ಬಿಟ್ಟರೆ ನನ್ನ ಹತ್ತಿರ ಬೇರೆ ಇರಲಿಲ್ಲ.

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಆ ಕೂಸಿಗೆ ಸಂಜೀಗೆ ಏನ್ ಹಾಕ್ತೀರಿ?"

"ಹೆರಿಗಿ ವಾರ್ಡಿನಾಗ ಕೇಳಾಕ ಹೊಂಟೀವಿ. ಇಬ್ಬರು ಬರ್ತೀನಿ ಅಂದಾರ."

"ಕೇಳ್ರಿ, ಕೊಡ್ತಾರ," ಎಂದಳು. ಮತ್ತೆ, "ಅಕ್ಕಾರ, ಯಾರದರ ಹಾಲು ಇರಲಿ. ಅದು ಕುಡದಮ್ಯಾಲ ನಂಗ ಫೋನ್ ಮಾಡ್ರಿ," ಎಂದಳು.

ಮಾಡುತ್ತೇನೆ ಎಂದೆ. ಗದಿಗೆಮ್ಮ ಆಗಲೇ ಬಾಟಲಿಗಳ ಬುಟ್ಟಿ ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದರು. ನಾನು ಅವರ ಹಿಂದೆ ಹೆರಿಗೆ ವಾರ್ಡಿಗೆ ಹೊರಟೆ.